ಮೈಲಿಗೆ: ಬಟ್ಟೆಯಿಂದ ಮನುಷ್ಯನಿಗೆ

ಕಾಶಿಯ ಶಿವಾಲ ಘಾಟಿನಿಂದ ಗಂಗೆಯ ಹರಿವಿನ ಜೊತೆಗೇ ಉತ್ತರಕ್ಕೆ ನಡೆದರೆ, ಹನುಮಾನ್ ಘಾಟ್ ದಾಟಿದ ಮೇಲೆ ಕರ್ನಾಟಕ ಘಾಟ್ ಬರುತ್ತದೆ. ಅದಕ್ಕೆ ಒತ್ತಿಕೊಂಡೇ ಹರಿಶ್ಚಂದ್ರ ಘಾಟಿನ ಚಿತೆಗಳು. ಹೆಣ ಸುಡುವುದು ತಲೆಮಾರುಗಳಿಂದ ಡೋಮರ ಕೆಲಸ. ನಮ್ಮ ಯಾತ್ರಿಕರು ಅಲ್ಲಿ ಸರಿದು ನಿಲ್ಲುವಾಗ ಬಾಯಿಗೆ ಬರುವ ಮಾತು ‘ಮೈಲಿಗೆ’. ಆ ಬೀದಿಯ ಹಿಂದಿಯಲ್ಲಿ ಕೊಳೆಗೆ ‘ಮೈಲಾ’ ಅನ್ನುತ್ತಾರೆ.

ಎರಡರ ಬೇರೂ ಒಂದೇ. ಸಂಸ್ಕೃತದ ಮಲ, ಮಲಿನ ಪ್ರಾಕೃತದಲ್ಲಿ ‘ಮೈಲ’ವಾಗಿ ಎರಡೂ ಭಾಷೆಗೆ ಬಂದವು. ಮೈಲಿಗೆಯಲ್ಲಿ ‘ಮೈ’ ಕೇಳಿಸುತ್ತದೆ ನಿಜ, ಆದರೆ ನಮ್ಮ ದೇಹದ ಮೈಗೂ ಇದಕ್ಕೂ ನಂಟಿಲ್ಲ. ಮೈಲಿಗೆ ಎಂದರೆ ಉಟ್ಟು ಬಿಟ್ಟ, ಒಗೆಯದ ಬಟ್ಟೆ, ಒಗೆದದ್ದು ಮಡಿ. ಮಡಿವಾಳರ ಕಲ್ಲಿನ ಮೇಲೆ ಬಿದ್ದರೆ ಮೈಲಿಗೆ ಮಡಿಯಾಗುತ್ತಿತ್ತು. ಒಗೆದರೆ ಹೋಗುವ ಕೊಳೆಯನ್ನು ಹೇಳುವ ಪದವನ್ನು ಎಷ್ಟು ಒಗೆದರೂ ಹೋಗದಂತೆ ಮನುಷ್ಯರಿಗೆ ಅಂಟಿಸಿದ್ದು ಜಾತಿ.

ಇದನ್ನು ಕನ್ನಡ ಪ್ರಶ್ನಿಸಿ 800 ವರ್ಷವಾಯಿತು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಗಾಣರಾಣಿಯರು ಎಂಬ ‘ಅಸ್ಪೃಶ್ಯ’ ಹಾಡುಗಾರ್ತಿಯರು ರಾಜ ಹರಿಶ್ಚಂದ್ರನ ಮುಂದೆ ಹಾಡಿ, ಮದುವೆಯಾಗು ಎನ್ನುತ್ತಾರೆ. ಅವನು ಕುಲ ತೆಗೆಯುತ್ತಾನೆ. ನಮ್ಮ ಹಾಡು ನಿನ್ನ ಕಿವಿಗೆ, ರೂಪು ನಿನ್ನ ಕಣ್ಣಿಗೆ ಹೊಲೆಯಾಗದಿದ್ದಾಗ ಮುಟ್ಟುವುದೊಂದು ಹೇಗೆ ಹೊಲೆಯಾಯಿತು ಎಂಬುದು ಅವರ ವಾದ. ರಾಜನ ಬಳಿ ಇದಕ್ಕೆ ನ್ಯಾಯವಾದ ಉತ್ತರವಿಲ್ಲ. ಮುಂದೆ ಇದೇ ಕಾಶಿಯಲ್ಲಿ ಅವನು ವೀರಬಾಹುಕನೆಂಬ ಚಂಡಾಲನ ಆಳಾಗಿ ಸುಡುಗಾಡು ಕಾಯುತ್ತಾನೆ.

ಮಲ ಎಂಬ ಬೇರಿಗೆ ಇನ್ನೊಂದು ಚಿಗುರಿದೆ: ನಿರ್ಮಲ, ನೈರ್ಮಲ್ಯ. ಸಂವಿಧಾನದ ರಾಜ್ಯಪಟ್ಟಿಯ 6ನೆಯ ನಮೂದು ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯದ್ದು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸುವ 1993ರ ಕಾಯ್ದೆ ಈ ದಾರಿಯಲ್ಲೇ ಬಂತು. ವಿಷಯ ರಾಜ್ಯಗಳದ್ದಾದ್ದರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳ ಶಾಸನಸಭೆಗಳು ಠರಾವು ಮಾಡಿ ಸಂಸತ್ತನ್ನು ಕೇಳಬೇಕಾಯಿತು. ಜಾರಿಗೆ ಬಂದದ್ದು 1997ರ ಜನವರಿ 26ರಂದು. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಈ ಪದ್ಧತಿಯನ್ನು 1970ರ ದಶಕದ ಮೊದಲಿಗೇ ನಿಷೇಧಿಸಿದ್ದರು ಎಂಬುದನ್ನು ನೆನೆಯಬೇಕು.

ನನ್ನನ್ನು ಕಾಡುವುದು ಆ 1993ರ ಕಾಯ್ದೆಯ ದೃಷ್ಟಿ. ಅದು ಒಣ ಕಕ್ಕಸನ್ನು ಕಂಡಿತು, ಅದನ್ನು ಬಳಿಯಲು ಒಂದು ಕೇರಿಯವರನ್ನೇ ಏಕೆ ಕಳಿಸುತ್ತಾರೆ ಎಂಬುದನ್ನು ಕಾಣಲಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯ 2021ರಲ್ಲಿ ವರ್ಣಭೇದವೇ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಕಾನೂನಿನಲ್ಲಿ ಬರೆಯಿತು. ಅಲ್ಲಿ ರೋಗ ಅಂದರೆ ಭೇದ. ನಾವು ಆರೋಗ್ಯದ ಕಾನೂನು ಬರೆದು ಭೇದವನ್ನು ಹೊರಗೆ ಬಿಟ್ಟಿದ್ದೆವು. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸಕ್ಕೆ ಕಟ್ಟಿಹಾಕಿದ್ದ ಭಂಗಿ ಸಮುದಾಯದವರು ಪ್ರತಿಭಟನೆಯಾಗಿ ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡರು. ಅದನ್ನು ನೈರ್ಮಲ್ಯದ ಸಮಸ್ಯೆ ಎಂದು ಕರೆಯಲು ಯಾರಿಗೆ ಬಾಯಿ ಬರುತ್ತದೆ?

ಇದೇ ಪದ್ಧತಿಯ ವಿರುದ್ಧ ಬಂದ 2013ರ ಹೊಸ ಕಾಯ್ದೆಯ ಪೀಠಿಕೆಯಲ್ಲಿ ಕೊನೆಗೂ ಜಾತಿ ವ್ಯವಸ್ಥೆಯ ಹೆಸರು ಬಂತು, ಚಾರಿತ್ರಿಕ ಅನ್ಯಾಯ ಎಂಬ ಮಾತೂ ಬಂತು. ಚರಂಡಿಗೆ ಇಳಿದು ಸಾಯುವುದು ಮಾತ್ರ ನಿಂತಿಲ್ಲ. 2014ರಲ್ಲಿ ಅಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದಿದ್ದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು.