ಒಂದು ಗುಡಿಸಿನ ಕಿತಾಪತಿ

ಸುಣ್ಣಕಲ್ಲು ಅಮೃತಶಿಲೆಯಾದರೆ ರೂಪಾಂತರ ಎಂದು ಭೂಗೋಳದ ಮೇಷ್ಟ್ರು ಹೇಳುತ್ತಿದ್ದರು. ಹ್ಯಾಮ್ಲೆಟ್ ಬಿದನೂರಿಗೆ ಬಂದು ಕುವೆಂಪು ಅವರ ‘ರಕ್ತಾಕ್ಷಿ’ಯಾದದ್ದೂ ರೂಪಾಂತರವೇ. ತನ್ನ ಪಾಡಿಗಿದ್ದ ಈ ಪದದ ಬಾಲಕ್ಕೊಂದು ಗುಡಿಸು ಅಂಟಿ ‘ರೂಪಾಂತರಿ’ ಎಂದು ಮನೆಮಾತಾದದ್ದು ಕೊರೊನಾ ಕಾಲದಲ್ಲಿ.

ಆ ಗುಡಿಸಿನ ಕಿತಾಪತಿ ನೋಡಿ. ರೂಪಾಂತರ ಒಂದು ಕ್ರಿಯೆ. ರೂಪಾಂತರಿ ಒಬ್ಬ ಆಸಾಮಿ. ಬೇಕೆಂದೇ ಹೊನ್ನಜಿಂಕೆಯಾಗಿ ಸುಳಿದ ಮಾರೀಚನಂಥವನು. ಟಿವಿಯವರಿಗೆ ಅಷ್ಟು ಸಾಕಾಯಿತು. ವೈರಸ್ಸಿಗೆ ಅಂಥ ಸಂಚೇನೂ ಗೊತ್ತಿಲ್ಲ. ಅದರ ಸುಮಾರು 30,000 ಅಕ್ಷರಗಳ ಆರ್‌ಎನ್‌ಎ ನಮ್ಮ ಜೀವಕೋಶದೊಳಗೆ ನಕಲಾಗುವಾಗ ಎಲ್ಲೋ ಒಂದಕ್ಷರ ತಪ್ಪುತ್ತದೆ, ಅಷ್ಟೇ. ತಪ್ಪು ತಿದ್ದುವ ಕಿಣ್ವವೂ ಕೊರೊನಾ ವೈರಸ್ಸಿಗಿದೆ. ಫ್ಲೂ ವೈರಸ್ಸಿಗೆ ಆ ಭಾಗ್ಯವಿಲ್ಲ. ಆದರೂ ಒಂದು ಸಂತತಿಯಲ್ಲಿ ತಿಂಗಳಿಗೆ ಸುಮಾರು ಎರಡು ತಪ್ಪು ತಿದ್ದುಪಡಿಯಾಗದೆ ಉಳಿದುಬಿಡುತ್ತವೆ.

ಇದಕ್ಕೆ ಒಪ್ಪುವ ಪದ ಹಳಗನ್ನಡದ ವಿದ್ವಾಂಸರ ಬಳಿ ಇತ್ತು: ಪಾಠಾಂತರ. ಓಲೆಗರಿಯ ಲಿಪಿಕಾರ ‘ಪ’ಕಾರವನ್ನು ‘ವ’ಕಾರವೆಂದು ಓದಿ ಬರೆದರೆ, ಅವನ ಪ್ರತಿ ನೋಡಿ ಬರೆದವರೆಲ್ಲ ‘ವ’ಕಾರವನ್ನೇ ಬರೆಯುತ್ತಾರೆ. ಯಾವ ಪ್ರತಿ ಯಾವುದರಿಂದ ಇಳಿಯಿತೆಂದು ಗ್ರಂಥಸಂಪಾದಕರು ಪತ್ತೆಹಚ್ಚುವುದು ಇಂಥ ಹಂಚಿಕೊಂಡ ತಪ್ಪುಗಳಿಂದಲೇ. ಜೀನೋಮ್ ಪ್ರಯೋಗಾಲಯಗಳು ಕೊರೊನಾದ ವಂಶವೃಕ್ಷ ಬರೆದದ್ದೂ ಹೀಗೆಯೇ. ವೈರಸ್ಸಿನಲ್ಲಿ ಮಾತ್ರ ಅಪರೂಪಕ್ಕೊಂದು ತಪ್ಪು ಮೂಲಕ್ಕಿಂತ ಚುರುಕಾಗಿರುತ್ತದೆ. ಮುಳ್ಳು ಪ್ರೋಟೀನಿನ 614ನೇ ಸ್ಥಾನದಲ್ಲಿದ್ದ ಆಸ್ಪಾರ್ಟಿಕ್ ಆಮ್ಲದ ಜಾಗಕ್ಕೆ ಗ್ಲೈಸೀನ್ ಬಂದ ಪ್ರತಿ, 2020ರಲ್ಲಿ ಕೆಲವೇ ತಿಂಗಳೊಳಗೆ ಜಗತ್ತಿನ ಹೆಚ್ಚಿನ ಕಡೆ ಮೂಲವನ್ನೇ ಮೂಲೆಗೊತ್ತಿತು. ಉಳಿದ ಬಹುಪಾಲು ತಪ್ಪುಗಳು ಹುಟ್ಟಿದಲ್ಲೇ ಸತ್ತವು. ಅವಕ್ಕೆ ಯಾರೂ ಹೆಸರಿಡಲಿಲ್ಲ.

ಹೆಸರಿನ ರಂಪವೂ ಕಡಿಮೆಯದಲ್ಲ. ‘ಬ್ರಿಟನ್ ತಳಿ’, ‘ಭಾರತದ ತಳಿ’ ಎಂದು ದೇಶಗಳಿಗೆ ಮಸಿ ಬಳಿಯುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮೇ 31ರಂದು ಗ್ರೀಕ್ ಅಕ್ಷರಗಳನ್ನು ಹಂಚಿತು. ನಮ್ಮಲ್ಲಿ ಮೊದಲು ಕಂಡದ್ದು ಡೆಲ್ಟಾ ಆಯಿತು. ರಾಗಿ, ಭತ್ತಕ್ಕೆ ರೈತರು ಬಳಸುವ ‘ತಳಿ’ ಪದಕ್ಕೂ ಆಮೇಲೆ ತುಸು ವಿರಾಮ ಸಿಕ್ಕಿತು.

‘ರೂಪಾಂತರಿ’ ಈಗ ಬೇರುಬಿಟ್ಟ ಪದ, ಕೀಳಲಾಗದು. ಬಳಸುವಾಗ ಇಷ್ಟು ನೆನಪಿರಲಿ: ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಬೆಂಗಳೂರಿನಿಂದ ವರದಿಯಾದವು. ವೇಷಧಾರಿ ವಿಮಾನದಲ್ಲಿ ಬಂದಿಳಿಯುತ್ತಾನೆಂದು ಎಲ್ಲರೂ ಕಾಯುತ್ತಿದ್ದರು. ಆ ಇಬ್ಬರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಯೇ ಇರದ ವೈದ್ಯರು.