ಕ್ಲಾಸ್
ಆನ್‌ಲೈನ್ ಫ್ಯಾಂಟಸಿ ಆಟಗಳಲ್ಲಿ ‘ಕ್ಲಾಸ್’ ಎಂದರೆ ಪಾತ್ರದ ಕಸುಬು: ಯೋಧ, ಮಾಂತ್ರಿಕ, ಬೇಟೆಗಾರ ಇತ್ಯಾದಿ. ಪದದ ಮೂಲ ಲ್ಯಾಟಿನ್ನಿನ ‘ಕ್ಲಾಸಿಸ್’. ಪ್ರಾಚೀನ ರೋಮಿನಲ್ಲಿ ನಾಗರಿಕರನ್ನು ಆಸ್ತಿಗೆ ತಕ್ಕಂತೆ ವಿಂಗಡಿಸಿದ ವರ್ಗಗಳಿಗೆ ಈ ಹೆಸರಿತ್ತು. ಯಾರು ಯಾವ ಆಯುಧ ಹಿಡಿದು ಯುದ್ಧಕ್ಕೆ ಬರಬೇಕೆಂಬುದೂ ಅದರಂತೆಯೇ ತೀರ್ಮಾನವಾಗುತ್ತಿತ್ತು. ಆಟದ ಅರ್ಥಕ್ಕೆ ಶಾಲೆಯ ಕ್ಲಾಸಿಗಿಂತ ಈ ಹಳೆಯ ಅರ್ಥವೇ ಹತ್ತಿರ.

ಆಟಗಾರರಲ್ಲಿ ಪದ ರೂಢಿಯಾದದ್ದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ. ಮೇಜಿನ ಸುತ್ತ ಕುಳಿತು ಆಡುವ ಆ ಆಟದಲ್ಲಿ ಮೊದಲಿಗಿದ್ದ ಕ್ಲಾಸುಗಳು ಮೂರೇ: ಕಾದಾಳು, ಮಾಂತ್ರಿಕ, ಪುರೋಹಿತ. ಕಳ್ಳ ಮರುವರ್ಷ ಸೇರಿದ.

2004ರಲ್ಲಿ ಬಂದ ಆನ್‌ಲೈನ್ ಆಟ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಒಂಬತ್ತು ಕ್ಲಾಸುಗಳೊಂದಿಗೆ ಶುರುವಾಯಿತು. ಅಲ್ಲಿ ಒಮ್ಮೆ ಆರಿಸಿದ ಕ್ಲಾಸ್ ಬದಲಾಗದು. ಬೇರೆಯದು ಬೇಕೆಂದರೆ ಹೊಸ ಪಾತ್ರವನ್ನೇ ಸೃಷ್ಟಿಸಬೇಕು. ಹಾಗಾಗಿ ವೇಷಭೂಷಣಕ್ಕೆ ಮರುಳಾಗುವ ಮುನ್ನ ತಂಡದಲ್ಲಿ ಯಾವ ಕೆಲಸ ಇಷ್ಟವೆಂದು ಯೋಚಿಸುವುದು ಮುಖ್ಯ: ಏಟು ತಡೆಯುವ ‘ಟ್ಯಾಂಕ್’, ಗಾಯ ಮಾಯಿಸುವ ‘ಹೀಲರ್’, ಏಟು ಕೊಡುವ ‘ಡಿಪಿಎಸ್’. ಜಪಾನಿನ ‘ಫೈನಲ್ ಫ್ಯಾಂಟಸಿ 14’ರಲ್ಲಾದರೆ ಒಂದೇ ಪಾತ್ರ ಆಯುಧ ಬದಲಿಸಿ ಕಸುಬನ್ನೂ ಬದಲಿಸಬಹುದು, ಅಲ್ಲಿ ಇದಕ್ಕೆ ‘ಜಾಬ್’ ಎಂಬ ಹೆಸರೂ ಇದೆ.