ಆಲಂಬಾಡಿ ಎತ್ತಿನ ಮೈಕಟ್ಟು

ಜಿರಾಫೆಯ ಕುತ್ತಿಗೆ ಆಳೆತ್ತರ ಬೆಳೆದರೂ ಅದರೊಳಗಿರುವುದು ಏಳೇ ಎಲುಬು. ನೊಗ ಹೊರುವ ಎತ್ತಿನ ಕುತ್ತಿಗೆಯಲ್ಲೂ ಅಷ್ಟೇ. ಜಿರಾಫೆಯ ಮೈಯನ್ನು ಆಫ್ರಿಕದ ಬಯಲು ತಿದ್ದಿತು. ಎತ್ತಿನ ಮೈಯಲ್ಲಿ ರೈತನ ಕೈಯೂ ಸೇರಿದೆ, ಹಾಗಾಗಿ ಅದನ್ನು ಚರಿತ್ರೆಯ ದಾಖಲೆಯಂತೆಯೂ ಓದಬಹುದು. ಹೊಗೇನಕಲ್ ಬಳಿ, ಕಾವೇರಿ ದಡದ ಆಲಂಬಾಡಿಯ ಹೆಸರು ಹೊತ್ತ ತಳಿಯನ್ನೇ ನೋಡಿ. ಬಣ್ಣ ಕಡುಬೂದು, ಹೋರಿಗಳಲ್ಲಿ ಕಪ್ಪಿಗೇ ತಿರುಗುತ್ತದೆ. ಉಬ್ಬಿದ ಹಣೆ, ಹಣೆಯಲ್ಲೂ ಕಾಲುಗಳಲ್ಲೂ ಬಿಳಿ ಗುರುತು, ನೆತ್ತಿಯಿಂದ ಹಿಂದಕ್ಕೆ ಬಾಗಿದ ಕೊಂಬು. ಕಾಡಿನಲ್ಲಿ ಮೇದು ಬದುಕುವ ಗಟ್ಟಿತನ ಇದರದು. ಉಳುಮೆಗೂ ಗಾಡಿಗೂ ಹೇಳಿ ಮಾಡಿಸಿದ ದನ.

ಇದು ಹಳ್ಳಿಕಾರ್‌ನ ನಕಲು, ಬೇರೆ ತಳಿ ಎನ್ನುವುದೇ ತಪ್ಪು ಎಂದು ವಾದಿಸುವವರಿದ್ದಾರೆ. ಹೋಲಿಕೆ ನಿಜ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಜೋಶಿ ಮತ್ತು ಫಿಲಿಪ್ಸ್ 1953ರಲ್ಲಿ ಬರೆದ ಪುಸ್ತಕ ಆಲಂಬಾಡಿಯನ್ನು ಹಳ್ಳಿಕಾರ್, ಅಮೃತ ಮಹಲ್, ಬರಗೂರು ತಳಿಗಳ ಜೊತೆಗೇ ಮೈಸೂರು ಗುಂಪಿನಲ್ಲಿ ಇಟ್ಟಿದೆ. ಆದರೆ ಈ ಹೋಲಿಕೆಯೇ ನನ್ನ ವಾದಕ್ಕೆ ಆಧಾರ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಧರ್ಮಪುರಿ ಸುತ್ತಿನ ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡುವವರೆಗೆ ಈ ಘಟ್ಟದಂಚು ಮೈಸೂರಿನದೇ ಆಗಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಗಿ, ದಂಡಿನ ತೋಪುಗಳನ್ನು ಎಳೆಯುವ ಎತ್ತುಗಳನ್ನು ಒದಗಿಸಿತು. ಅಂಥ ರಾಜ್ಯದಲ್ಲಿ ದನಗಳು ಗಡಿ ನೋಡಿ ಮೇದಿರಲಾರವು. ಹೊಗೆಯ ಕಲ್ಲು ಎಂಬ ಕನ್ನಡ ಮಾತು ಜಲಪಾತದ ಹೆಸರಿನಲ್ಲಿ ಉಳಿದಂತೆ, ಆ ಒಂದೇ ಸೀಮೆಯ ಗುರುತು ಈ ಕೊಂಬಿನ ಬಾಗಿನಲ್ಲಿ ಉಳಿದಿದೆ. ಇನ್ನೂ ಹಿಂದಕ್ಕೆ ಹೋದರೆ ಧರ್ಮಪುರಿ ಸೀಮೆಯ ವೀರಗಲ್ಲುಗಳಿವೆ, ತುರುಗೋಳಿನಲ್ಲಿ ಮಡಿದವರ ಕಲ್ಲುಗಳು. ಅವು ತಳಿಯ ವಿಷಯ ಹೇಳುವುದಿಲ್ಲ. ಇಲ್ಲಿ ದನಕ್ಕಾಗಿ ಜನ ಪ್ರಾಣ ಕೊಟ್ಟರು ಎಂಬುದನ್ನಷ್ಟೇ ಹೇಳುತ್ತವೆ. ನನಗೆ ಅದು ಸಣ್ಣ ಸಾಕ್ಷಿಯಲ್ಲ.

ಆಲಂಬಾಡಿ ಹಸು ಹಾಲು ಕೊಡುವುದು ಕಡಿಮೆ, ಸಾಕಿ ಏನು ಫಲ ಎಂಬುದು ಇನ್ನೊಂದು ಆಕ್ಷೇಪ. ಹಾಲಿನ ಲೆಕ್ಕ ಸರಿಯೇ. ಆದರೆ ಈ ತಳಿಯನ್ನು ತಲೆಮಾರುಗಳಿಂದ ಆರಿಸಿಕೊಂಡು ಬಂದದ್ದು ಕೆಚ್ಚಲು ನೋಡಿ ಅಲ್ಲ, ಹೆಗಲು ನೋಡಿ. ನೊಗದ ಕೆಲಸವನ್ನು ಟ್ರ್ಯಾಕ್ಟರ್ ಕಿತ್ತುಕೊಂಡ ಮೇಲೆ ಆ ಹೆಗಲಿಗೆ ಬೆಲೆ ಇಳಿದಿದೆ, ಅದಕ್ಕೆ ದನವನ್ನು ದೂರುವುದು ಅನ್ಯಾಯ. ಒಣ ಮೇವಿನಲ್ಲೂ ಗುಡ್ಡ ಹತ್ತಿ ಮೇಯುವ ಇಂಥ ಮೈಕಟ್ಟು ಒಮ್ಮೆ ಕಳೆದುಹೋದರೆ ಮಿಶ್ರತಳಿಯಿಂದ ಮರಳಿ ಕಟ್ಟಲಾಗದು. ಪೆನ್ನಾಗರ ಕಡೆಯ ಹಳ್ಳಿಗಳಲ್ಲಿ ಒಂದೊಂದಾದರೂ ಒಳ್ಳೆಯ ಬೀಜದ ಹೋರಿ ಉಳಿಯಬೇಕು. ಅದನ್ನು ಸಾಕುವ ಖರ್ಚಿಗೆ ಸರ್ಕಾರವೂ ಊರೂ ಹೆಗಲು ಕೊಡಲಿ.